ದೋಣಿಯ ಹುಟ್ಟಿಗೆ ತಕ್ಕ ಅಂಟು

"ಗುರುಗಳೇ, ನನಗೆ ಈಗ ಸಿಟ್ಟೇ ಬರುವುದಿಲ್ಲ. ಊರಿಗೆ ಹೋಗಿ ನಾಲ್ಕು ಜನಕ್ಕೆ ಬುದ್ಧಿ ಹೇಳಬಹುದೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದು ಜಪ ಮಾಡುತ್ತಿದ್ದವನು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಊಟವನ್ನೂ ಬಾಗಿಲಲ್ಲಿ ಇಟ್ಟು ಬರುತ್ತಿದ್ದರು.

ಗುರುಗಳು ಕುಳಿತಿದ್ದ ಜಗಲಿಗೆ ದಾಸೋಹದ ಮನೆಯಿಂದ ಗದ್ದಲ ಕೇಳಿಸುತ್ತಿತ್ತು. ತನ್ನ ಎಲೆಗೆ ಪಾಯಸ ಬೀಳಲಿಲ್ಲವೆಂದು ಯಾತ್ರಿಕನೊಬ್ಬ ಬಡಿಸುವವನನ್ನು ಬೈಯುತ್ತಿದ್ದ. ಗುರು ಸ್ವಲ್ಪ ಹೊತ್ತು ಅದನ್ನು ಕೇಳಿದರು. ಆಮೇಲೆ "ಕುಳಿತುಕೋ" ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಪೆಟ್ಟಿಗೆ, ಮಂಚ, ತೊಟ್ಟಿಲು ಮಾಡುವವನು. ಎಲ್ಲವೂ ಮನೆಯೊಳಗೆ ಇರುವ ಸಾಮಾನು. ಅವನು ಬಳಸುತ್ತಿದ್ದದ್ದು ಚರ್ಮ ಕುದಿಸಿ ಮಾಡಿದ ಅಂಟು. ಅದು ಬೇಗ ಹಿಡಿಯುತ್ತಿತ್ತು. ಕಲೆ ಉಳಿಯುತ್ತಿರಲಿಲ್ಲ. ಅದೇ ಅಂಟಿನಿಂದ ಅವನ ಅಜ್ಜ ಕೂಡಿಸಿದ ಪೆಟ್ಟಿಗೆ ಇನ್ನೂ ಗಟ್ಟಿಯಾಗಿತ್ತು.

ಹೊಳೆಯ ದಡದಲ್ಲಿ ಒಬ್ಬ ಅಂಬಿಗ ಇದ್ದ. ದೋಣಿ ನಡೆಸುವ ಅವನ ಹುಟ್ಟು ಬಂಡೆಗೆ ಬಡಿದು ಮುರಿಯಿತು. ದೋಣಿಯ ಕೆಲಸ ಬಲ್ಲ ಬಡಗಿ ಆ ಸುತ್ತಿನಲ್ಲಿ ಇರಲಿಲ್ಲ. ಅಂಬಿಗ ಇವನ ಬಳಿ ಬಂದು ಹೊಸ ಹುಟ್ಟು ಬೇಕೆಂದ. ಕರಟದಲ್ಲಿ ರಾಳ ತಂದು ಮುಂದಿಟ್ಟ. ಎಣ್ಣೆಯಲ್ಲಿ ಕಾಯಿಸಿ ಅಂಟಿನ ಬದಲು ಇದನ್ನೇ ಹಚ್ಚಬೇಕು ಎಂದ.

ರಾಳ ಕಪ್ಪಗಿತ್ತು. ನಾರುತ್ತಿತ್ತು. ಒಣಗಲು ದಿನಗಟ್ಟಲೆ ಬೇಕು. ಬಡಗಿಗೆ ಅದು ಹಿಡಿಸಲಿಲ್ಲ. ಕರಟವನ್ನು ಮೂಲೆಗೆ ತಳ್ಳಿದ. ಉದ್ದನೆಯ ಗಳುವಿನ ತುದಿಗೆ ಅಗಲವಾದ ಹಲಗೆಯನ್ನು ತನ್ನ ಅಂಟಿನಿಂದಲೇ ಕೂಡಿಸಿದ. ಒಣಗಿದ ಮೇಲೆ ಕೊಡತಿಯಿಂದ ಬಲವಾಗಿ ಬಡಿದು ನೋಡಿದ. ಜೋಡಣೆ ಅಲ್ಲಾಡಲಿಲ್ಲ. ಉಳಿದ ತುಂಡುಗಳನ್ನೂ ಹಾಗೆಯೇ ಕೂಡಿಸಿ ಬಚ್ಚಲ ಹಂಡೆಗೆ ಒಂದು ಮುಚ್ಚಳ ಮಾಡಿ ಹೆಂಡತಿಗೆ ಕೊಟ್ಟ. ಸಂಜೆ ಅಂಬಿಗ ಬಂದು ಹುಟ್ಟನ್ನು ಹೊತ್ತುಕೊಂಡು ಹೋದ.

ಮರುದಿನ ಬೆಳಿಗ್ಗೆ, ಬಾಣಂತನಕ್ಕೆ ಬಂದಿದ್ದ ಬಡಗಿಯ ಮಗಳು ಹಸುಗೂಸನ್ನು ಎತ್ತಿಕೊಂಡು ಗಂಡನ ಜೊತೆ ಹೊರಟಳು. ಗಂಡನ ಊರು ಹೊಳೆಯ ಆಚೆ. ಹೊಳೆ ತುಂಬಿ ಹರಿಯುತ್ತಿತ್ತು. ತಂದೆ ಹೆದರಲಿಲ್ಲ. ದೋಣಿಯಲ್ಲಿ ಇರುವುದು ತಾನು ಮಾಡಿದ ಹುಟ್ಟು ಎಂದು ಧೈರ್ಯ ಹೇಳಿ ಕಳಿಸಿದ.

ಅವರು ಹೋದ ಮೇಲೆ ಹೆಂಡತಿ ಬಚ್ಚಲಿನಿಂದ ಕೂಗಿದಳು. "ಬಂದು ನೋಡಿ ನಿಮ್ಮ ಮುಚ್ಚಳದ ಚಂದ! ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಅಂದಿರಲ್ಲ. ಒಂದು ಹಂಡೆ ನೀರು ಕಾಯುವ ತನಕ ಬರಲಿಲ್ಲ."

ಮುಚ್ಚಳ ಎರಡು ಹೋಳಾಗಿ ಬಿದ್ದಿತ್ತು. ಬಡಗಿ ಅದರ ಅಂಚು ಮುಟ್ಟಿದ. ಅಂಟು ಗಂಜಿಯಂತೆ ಬೆರಳಿಗೆ ಹತ್ತಿತು. ಅವನು ಮೆಟ್ಟು ಕೂಡ ಹಾಕಿಕೊಳ್ಳದೆ ಹೊಳೆಯ ಕಡೆಗೆ ಓಡಿದ.

ಅವನು ಹೋದಾಗ ದೋಣಿ ದಡದಲ್ಲೇ ಇತ್ತು. ಮಗಳು ಮರದ ಕೆಳಗೆ ಕುಳಿತು ಕೂಸಿಗೆ ಹಾಲೂಡಿಸುತ್ತಿದ್ದಳು. ದೋಣಿ ಹೊರಡಲಿಲ್ಲವೆಂದು ಅಳಿಯ ಗೊಣಗುತ್ತಿದ್ದ. ಬಡಗಿಗೆ ಹೋದ ಜೀವ ಬಂದ ಹಾಗಾಯಿತು.

ಅಂಬಿಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಅವನ ಒಂದು ಕೈಯಲ್ಲಿ ಗಳು, ಇನ್ನೊಂದು ಕೈಯಲ್ಲಿ ಹಲಗೆ.

"ಏನು ಆಚಾರ್ರೇ, ಒಂದು ಹುಟ್ಟು ಮಾಡಿಕೊಡಿ ಅಂದರೆ ಎರಡು ಸಾಮಾನು ಮಾಡಿಕೊಟ್ಟಿದ್ದೀರಲ್ಲ!"

"ಇದರಲ್ಲಿ ದೋಣಿ ಬಿಟ್ಟೆಯಾ?"

"ಎಲ್ಲಿ ಬಿಡಲಿ? ಹೊಸ ಹುಟ್ಟನ್ನು ಮೊದಲು ರಾತ್ರಿಯೆಲ್ಲ ಹೊಳೆಯಲ್ಲಿ ಕಟ್ಟಿಹಾಕುತ್ತೇವೆ. ಆಮೇಲೆ ಬಿಸಿಲಿಗೆ ಹಾಕುತ್ತೇವೆ. ಅದು ತಡೆದರೆ ಜನರನ್ನು ಹತ್ತಿಸುವುದು. ನಮ್ಮಪ್ಪನ ಕಾಲದಿಂದ ಹಾಗೆಯೇ."

"ಕೊಡತಿಯಿಂದ ಬಡಿದು ನೋಡಿದ್ದೆನಲ್ಲಪ್ಪ."

"ಹೊಳೆ ಕೊಡತಿ ಹಿಡಿದುಕೊಂಡು ಬರುವುದಿಲ್ಲ, ಆಚಾರ್ರೇ" ಎಂದು ಅಂಬಿಗ ನಕ್ಕ.

ಮಗಳ ಪ್ರಯಾಣ ನಿಂತಿತು. ಬಡಗಿ ಕೂಸನ್ನು ತಾನೇ ಎತ್ತಿಕೊಂಡು ಮನೆಗೆ ನಡೆದ. ಗಳು, ಹಲಗೆ ಹೊತ್ತ ಅಳಿಯ ದಾರಿಯುದ್ದಕ್ಕೂ ಗೊಣಗಿದ. ಮಾವನಿಗೆ ಅದು ಇಂಪಾಗಿಯೇ ಕೇಳಿಸಿತು.

ಮನೆಗೆ ಬಂದು ಮೂಲೆಯ ಕರಟವನ್ನು ತೆಗೆದ. ರಾಳವನ್ನು ಎಣ್ಣೆಯಲ್ಲಿ ಕಾಯಿಸಿದ. ಅದನ್ನು ಹಚ್ಚಿ ಗಳು, ಹಲಗೆಗಳನ್ನು ಮತ್ತೆ ಕೂಡಿಸಿದ. ಕೈ ಕಪ್ಪಾಯಿತು. ಮನೆಯೆಲ್ಲ ನಾತ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಬೈಯಲಿಲ್ಲ. ಹುಟ್ಟು ಒಣಗುವ ತನಕ ಅವನು ಕಾದ. ಈ ಸಲ ಕೊಡತಿ ಮುಟ್ಟಲಿಲ್ಲ. ತಾನೇ ಹೊತ್ತುಕೊಂಡು ಹೋಗಿ ಹೊಳೆಯಲ್ಲಿ ಕಟ್ಟಿದ. ಬಿಸಿಲಿಗೆ ಹಾಕಿದ. ಮತ್ತೆ ನೀರಿಗೆ ಕಟ್ಟಿದ. ಜೋಡಣೆ ಬಿಡಲಿಲ್ಲ.

ಆಗ ಮಗಳನ್ನು ದೋಣಿ ಹತ್ತಿಸಿದ. ದೋಣಿ ಆಚೆಯ ದಡ ಮುಟ್ಟುವವರೆಗೂ ನಿಂತು ನೋಡಿದ. ಮಗಳು ಅಲ್ಲಿಂದ ಕೈ ಎತ್ತಿದಳು. ಬಡಗಿ ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದ.

ಗುರು ಕತೆ ನಿಲ್ಲಿಸಿದರು.

"ಹಾಗಾದರೆ ಮೊದಲಿನ ಅಂಟು ಕೆಟ್ಟದ್ದೇ?" ಎಂದು ಶಿಷ್ಯ ಕೇಳಿದ.

"ಅಲ್ಲ. ಅಜ್ಜನ ಪೆಟ್ಟಿಗೆ ಈಗಲೂ ಗಟ್ಟಿಯಾಗಿದೆ. ಅದು ಮನೆಯೊಳಗೇ ಇದೆ."

ಶಿಷ್ಯ ತನ್ನ ಕೋಣೆಯ ಕಡೆಗೆ ನೋಡಿದ. "ನನ್ನದು ಯಾವ ಅಂಟು, ಗುರುಗಳೇ?"

ದಾಸೋಹದ ಮನೆಯಲ್ಲಿ ಮತ್ತೆ ಕೂಗಾಟ ಎದ್ದಿತು. ಬಡಿಸುವವನು ಸೌಟನ್ನು ನೆಲಕ್ಕೆ ಎಸೆದು, ಇವರ ಎದುರಿಗೇ ಹಾದು ಹೊರಗೆ ಹೋದ.

ಗುರು ಶಿಷ್ಯನ ಕಡೆ ತಿರುಗಿ ಹೇಳಿದರು, "ಹೋಗು, ಆ ಸೌಟು ಎತ್ತಿಕೋ. ಇವತ್ತು ನೀನು ಬಡಿಸು."