ನಲವತ್ತು ದಿನದ ಮದ್ದು

“ಬುದ್ಧೀ, ಯಾವ ಕೇರಿಯವರು ಹೆಚ್ಚು ಕುಡುಕರು?”

ಶಾಂತಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಶಿಷ್ಯ ಕುಳಿತಿರಲಿಲ್ಲ. ಎರಡು ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೋದ ವರ್ಷ ಅವನು ಜೋಳಿಗೆ ಹಿಡಿದು ಮನೆಮನೆಗೆ ಹೋಗಿದ್ದ. ಕಾಸು ಬೇಡ, ಕಾಳು ಬೇಡ, ನಿಮ್ಮ ಕೆಟ್ಟ ಚಟಗಳನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದ್ದ. ಜನ ಭಕ್ತಿಯಿಂದ ಬೀಡಿ ಕಟ್ಟು ಹಾಕಿದರು, ಅರ್ಧ ಖಾಲಿಯಾದ ಬಾಟಲಿ ಹಾಕಿದರು, ಕೈಮುಗಿದು ಆಣೆ ಮಾಡಿದರು. ಹದಿನೈದು ದಿನ ಕಳೆಯುವುದರೊಳಗೆ ಎಲ್ಲ ಮೊದಲಿನಂತೆಯೇ ಆಯಿತು. ನಾಳೆ ಅವನು ಮತ್ತೆ ಹೊರಡಬೇಕಿತ್ತು.

“ಸುಮ್ಮನೆ ಊರೆಲ್ಲ ಅಲೆದು ಪ್ರಯೋಜನವಿಲ್ಲ ಬುದ್ಧೀ. ರೋಗ ಎಲ್ಲಿದೆಯೋ ಅಲ್ಲಿಗೇ ಹೋಗುತ್ತೇನೆ. ಯಾವ ಕೇರಿ ಎಂದು ಹೇಳಿಬಿಡಿ.”

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನೇ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ, ಜನ್ಮದಲ್ಲಿ ಸಾರಾಯಿ ಮುಟ್ಟಿದವನಲ್ಲ. ಮುಟ್ಟಿಲ್ಲ ಎಂಬುದನ್ನು ಆಗಾಗ ಊರಿಗೆ ನೆನಪಿಸುತ್ತಲೂ ಇದ್ದ. ಆ ಊರಿಗೆ ಮೂರು ಬೀದಿ. ಮೇಲಿನದು ವರ್ತಕರದು, ನಡುವಿನದು ನೇಕಾರರದು, ಕೆಳಗಿನದು ಕಲ್ಲುಕುಟಿಗರದು. ಮೂರಕ್ಕೂ ಸೇರಿ ಒಂದೇ ಸಾರಾಯಿ ಅಂಗಡಿ.

ಊರಲ್ಲಿ ಕುಡಿತ ಹೆಚ್ಚಾಯಿತೆಂದು ಹಿರಿಯರು ಸಭೆ ಸೇರಿದರು. ಈ ಪೀಡೆ ಯಾವ ಬೀದಿಯಿಂದ ಹಬ್ಬುತ್ತಿದೆ ಎಂದು ತಿಳಿದರೆ ಆ ಬೀದಿಯವರನ್ನೇ ಕೆರೆಯಾಚೆಗೆ ಕಳಿಸಿಬಿಡೋಣ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ತಿಳಿಯುವ ಕೆಲಸ ವರ್ತಕನ ಪಾಲಿಗೆ ಬಂತು. ಎಣಿಸುವ ಕೆಲಸವನ್ನು ವರ್ತಕನಿಗಲ್ಲದೆ ಇನ್ಯಾರಿಗೆ ಕೊಡುತ್ತಾರೆ?

ವರ್ತಕ ಸಾರಾಯಿ ಅಂಗಡಿಯ ಎದುರಿನ ಜಗಲಿಯ ಮೇಲೆ ಮೂರು ಗಡಿಗೆ ಇಟ್ಟುಕೊಂಡು ಕುಳಿತ. ಅಂಗಡಿಯೊಳಗೆ ಒಬ್ಬ ಕಾಲಿಟ್ಟರೆ ಅವನ ಬೀದಿಯ ಗಡಿಗೆಗೆ ಒಂದು ಹುಣಸೆ ಬೀಜ. ಹೀಗೆ ಹದಿನೈದು ದಿನ. ಕಲ್ಲುಕುಟಿಗರ ಗಡಿಗೆ ಕಂಠದವರೆಗೆ ತುಂಬಿತು. ನೇಕಾರರದು ಅರ್ಧವಾಯಿತು. ವರ್ತಕರ ಗಡಿಗೆಯಲ್ಲಿ ಒಂದು ಜೇಡ ಬಲೆ ಕಟ್ಟಿತ್ತು. ಅದನ್ನು ನೋಡಿ ವರ್ತಕನಿಗೆ ಹೆಮ್ಮೆಯಾಯಿತು.

ಹಿರಿಯರು ಗಡಿಗೆಗಳನ್ನು ನೋಡಿದರು. ಆ ದಿನವೇ ಅಂಗಡಿಗೆ ಬೀಗ ಬಿತ್ತು. ಕಲ್ಲುಕುಟಿಗರು ಅಮಾವಾಸ್ಯೆಯೊಳಗೆ ಮನೆ ಕಿತ್ತು ಕೆರೆಯಾಚೆಗೆ ಹೋಗಬೇಕೆಂದು ಆಜ್ಞೆಯಾಯಿತು. ಕೆರೆಯಾಚೆ ಬರೀ ಜಾಲಿ, ಕುಡಿಯುವ ನೀರಿಗೆ ಒಂದು ಬಾವಿಯಿಲ್ಲ. ಕಲ್ಲುಕುಟಿಗರು ಬೇಡಿಕೊಂಡರು, ಬೈದರು, ಕೊನೆಗೆ ಹೆಂಚು ಇಳಿಸತೊಡಗಿದರು.

ಅದೇ ವಾರ ವರ್ತಕನ ಮನೆಯಲ್ಲಿ ಅವನ ಹೆಂಡತಿ ಹಾಸಿಗೆ ಹಿಡಿದಳು. ಮೊದಲ ರಾತ್ರಿ ನಿದ್ದೆ ಬರಲಿಲ್ಲ ಎಂದಳು. ಮರುದಿನ ಮೈಯೆಲ್ಲ ಬೆವರು, ಕೈಯಲ್ಲಿದ್ದ ಲೋಟ ನಡುಗಿ ಕೆಳಗೆ ಬಿತ್ತು. ಮೂರನೆಯ ದಿನ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ, ಓಡಿಸಿ ಎಂದು ಕೂಗಿಕೊಂಡಳು. ಗೋಡೆಯ ಮೇಲೆ ಏನೂ ಇರಲಿಲ್ಲ. ವೈದ್ಯ ಬಂದು ವಾಯು ಎಂದ. ಮಂತ್ರವಾದಿ ಬಂದು ದಾರ ಕಟ್ಟಿದ. ವರ್ತಕ ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ತನ್ನ ಅಂಗಡಿ ತೆರೆದು ಐದು ನಿಮಿಷಕ್ಕೇ ಮುಚ್ಚಿ ಬಂದ. ತಟ್ಟೆಯ ಮುಂದೆ ಕುಳಿತವನು ಒಂದು ತುತ್ತು ಕಲಸಿ ಹಾಗೇ ಎದ್ದ. ಆಕೆ ಉಳಿಯುತ್ತಾಳೋ ಇಲ್ಲವೋ ಎಂಬ ಒಂದೇ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ಹೆಂಡತಿಯ ಮೇಲೆ ಅವನಿಗೆ ಪ್ರಾಣವೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಆಕೆಗೆ ಫಿಟ್ಸ್ ಬಂದು ಹಲ್ಲು ಕಚ್ಚಿಕೊಂಡಾಗ, ಮನೆಯ ಹಳೆಯ ಕೆಲಸದವಳು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು.

“ಸಾವ್ಕಾರ್ರೇ, ಅಮ್ಮಾವ್ರಿಗೆ ಸಂಜೆ ಮದ್ದು ನಿಂತೋಯ್ತಲ್ಲ, ಅದ್ಕೇ ಹಿಂಗಾಗೈತೆ.”

“ಯಾಕೆ ನಿಲ್ಲಿಸಿದೆ? ಎಲ್ಲಿಂದ ತರುತ್ತಿದ್ದೆಯೋ ಅಲ್ಲಿಂದ ತಾ.”

“ಎಲ್ಲಿಂದ ತರ್ಲಿ? ನೀವೇ ಬೀಗ ಹಾಕಿಸ್ಬುಟ್ರಲ್ಲ.”

ವರ್ತಕನಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಉಳಿದದ್ದನ್ನು ಅವಳಿಂದಲೇ ಬಿಡಿಸಿ ಕೇಳಿದ.

ಹದಿನಾಲ್ಕು ವರ್ಷದ ಹಿಂದೆ ಅವನ ಹೆಂಡತಿಗೆ ಒಂದು ಗಂಡು ಮಗುವಾಗಿತ್ತು. ಬಾಣಂತಿಗೆ ಮೈ ಬೆಚ್ಚಗಿರಲಿ ಎಂದು ಸೂಲಗಿತ್ತಿ ಮೆಣಸು, ಬೆಲ್ಲ ಕುಟ್ಟಿ ಸಾರಾಯಿಯಲ್ಲಿ ಕಲಸಿ ಸಂಜೆಗೊಂದು ಸಲ, ಮಗುವಿಗೆ ಹಾಲು ಹಾಕುವ ಒಳಲೆಯಷ್ಟು ಕುಡಿಸಲು ಹೇಳಿದ್ದಳು. ನಲವತ್ತು ದಿನದ ಮದ್ದು, ಎಲ್ಲ ಮನೆಯಲ್ಲೂ ಕೊಡುವಂಥದೇ. ಒಂಬತ್ತನೆಯ ದಿನ ಮಗು ಹೋಯಿತು. ಮದ್ದು ಮುಂದುವರಿಯಿತು. ನಲವತ್ತು ದಿನ ತುಂಬಿತು, ಸಾಕು ಎಂದು ಯಾರೂ ಹೇಳಲಿಲ್ಲ. ಮೆಣಸು ನಿಂತಿತು, ಬೆಲ್ಲ ನಿಂತಿತು, ಒಳಲೆ ಹೋಗಿ ಲೋಟ ಬಂತು. ಕೆಲಸದವಳು ಅಂಗಡಿಯ ಹಿತ್ತಿಲ ಕಡೆಯಿಂದ ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳು. ವರ್ತಕ ಕುಳಿತದ್ದು ಅಂಗಡಿಯ ಮುಂದೆ.

ಅವನನ್ನು ಹೆಚ್ಚು ಚುಚ್ಚಿದ್ದು ಅದಲ್ಲ. ಹದಿನಾಲ್ಕು ವರ್ಷ ಪ್ರತಿ ಸಂಜೆ, ಮನೆಗೆ ಬಂದು ಕಾಲು ತೊಳೆಯುವಾಗ, “ಮದ್ದು ಕುಡಿದೆಯಾ?” ಎಂದು ಅಕ್ಕರೆಯಿಂದ ಕೇಳುತ್ತಿದ್ದವನು ಅವನೇ. ಮರೆತಿದ್ದರೆ, ಆ ಘಾಟು ಮದ್ದಿನದೇ ಎಂದುಕೊಂಡು, ಕುಡಿಸುತ್ತಲೂ ಇದ್ದ. ಅದೇನು ಮದ್ದು, ಯಾವ ರೋಗಕ್ಕೆ ಎಂದು ಮಾತ್ರ ಒಂದು ದಿನವೂ ಕೇಳಿರಲಿಲ್ಲ.

ನೆತ್ತಿಯ ಮೇಲೆ ಬಿಸಿಲಿರುವಾಗ ವರ್ತಕ ಕೆಳಗಿನ ಬೀದಿಗೆ ಹೊರಟ. ಹೊರಡುವ ಮೊದಲು ಮೂರು ಸಲ ಹೊಸ್ತಿಲಿಗೆ ಬಂದು ಮೂರು ಸಲ ಹಿಂದಕ್ಕೆ ಹೋದ. ಯಾರು ನೋಡುತ್ತಾರೋ, ಏನೆನ್ನುತ್ತಾರೋ. ಒಳಗಿನಿಂದ ಹೆಂಡತಿ ನರಳಿದ್ದು ಕೇಳಿಸಿತು. ಆಮೇಲೆ ಅವನು ಹಿಂತಿರುಗಲಿಲ್ಲ, ನಡೆದುಬಿಟ್ಟ. ಕೆಳಗಿನ ಬೀದಿಯಲ್ಲಿ ಅರ್ಧ ಮನೆಗಳಿಗೆ ಸೂರಿರಲಿಲ್ಲ. ಸುತ್ತಿಗೆ, ಉಳಿ, ಅಡುಗೆಯ ಪಾತ್ರೆ ಎಲ್ಲ ಗಾಡಿಗೇರುತ್ತಿದ್ದವು. ಜನ ಅವನನ್ನು ಕಂಡು ಕೆಲಸ ನಿಲ್ಲಿಸಿದರು. ಒಂದು ಗಾಡಿಯ ನೆರಳಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಅವಳ ಮುಂದೆ ನಿಂತು, ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ, ಸ್ವಲ್ಪ ಸಾರಾಯಿ ಬೇಕಿತ್ತು ಎಂದ.

“ಕೈ ನಡುಗ್ತದಾ? ಗ್ವಾಡೆ ಮ್ಯಾಲೆ ಹುಳ ಹರ‍್ದಂಗೆ ಕಾಣ್ತದಾ?” ಎಂದಳು ಮುದುಕಿ. “ಕುಡ್ಯಾದ್ ನಿಂತು ಎಷ್ಟ್ ದಿನ ಆಯ್ತು?”

“ನಾಲ್ಕು.”

“ಅಯ್ಯೋ, ಬಿರ‍್ರನೆ ನಡೀರಿ. ಒಂದೇ ಸಲಕ್ಕೆ ನಿಲ್ಸುದ್ರೆ ಜೀವ ಹೋಯ್ತದೆ. ನಮ್ಮೆಜಮಾನ್ರು ಹಂಗೇ ಹೋಗಿದ್ದು.”

“ನಾನು ಯಾರು ಗೊತ್ತಾ?” ಎಂದು ವರ್ತಕ ಕೇಳಿದ. ಕೇಳದೆ ಇರಲು ಅವನಿಂದಾಗಲಿಲ್ಲ.

“ಗೊತ್ತಿಲ್ದೆ ಏನು? ನಮ್ನ ಎಣಿಸ್ದೋರು,” ಎಂದು ಮುದುಕಿ ಗಾಡಿಯೊಳಗಿಂದ ಒಂದು ತುಂಬಿದ ಕುಡಿಕೆ ತೆಗೆದುಕೊಂಡು ಎದ್ದಳು. ಅಳಿಯನಿಗೆ ದಿನಕ್ಕೆ ಇಷ್ಟಿಷ್ಟೇ ಕಡಿಮೆ ಮಾಡುತ್ತ ಬಿಡಿಸುವುದಕ್ಕೆಂದು ಅವಳು ಇಟ್ಟುಕೊಂಡಿದ್ದ ಸಾರಾಯಿ ಅದು.

ದಾರಿಯುದ್ದಕ್ಕೂ ಅವಳು ಮಾತಾಡಿದಳು, ವರ್ತಕ ಕೇಳಿದ. ಕಲ್ಲಿನ ಧೂಳು ಗಂಟಲಲ್ಲಿ ಕೂತರೆ ಗಂಡಸರು ಸಂಜೆ ಒಂದಿಷ್ಟು ಕುಡಿಯುತ್ತಾರೆ. ಅಂಗಡಿ ಮುಚ್ಚಿದಾಗ ಎರಡು ದಿನ ಸಿಡಿಮಿಡಿ ಎಂದರು, ಮೂರನೆಯ ದಿನ ಮರೆತರು. ಅದಿಲ್ಲದೆ ಆಗದವರು ಇಡೀ ಬೀದಿಗೆ ನಾಲ್ಕೈದು ಜನ. ಅವರು ಯಾರೆಂದು ಬೀದಿಗೆಲ್ಲ ಗೊತ್ತು. ಬಿದ್ದರೆ ಎತ್ತಿ ತಂದು ಮಲಗಿಸುತ್ತಾರೆ, ಸರದಿಯ ಮೇಲೆ ಕಾಯುತ್ತಾರೆ. ನೇಕಾರರು ಸಂತೆಯ ದಿನ ಮಾತ್ರ ಕುಡಿಯುತ್ತಾರೆ, ಕುಡಿದರೆ ಜಗಳವಾಡುತ್ತಾರೆ. “ನಿಮ್ ಬೀದೀಲಿ ಬಾಗ್ಲು ಗಟ್ಟಿ ಸಾವ್ಕಾರ್ರೇ, ಒಳಗಡೆ ಬಿದ್ರೆ ಕೇಳ್ಸಾಕಿಲ್ಲ,” ಎಂದಳು.

ಹನ್ನೆರಡು ದಿನ ಮುದುಕಿ ಆ ಮನೆಯಲ್ಲಿದ್ದಳು. ಮೊದಲ ದಿನ ಅರ್ಧ ಲೋಟ, ಮಾರನೆಯ ದಿನ ಅದಕ್ಕಿಂತ ಕಡಿಮೆ, ಹೀಗೆ ಇಳಿಸುತ್ತ ಗಂಜಿ ಕುಡಿಸಿದಳು, ಬೆವರು ಒರೆಸಿದಳು, ಇರುವೆಗಳನ್ನು ಸೆರಗಿನಿಂದ ಓಡಿಸಿದಂತೆ ಮಾಡಿದಳು. ಅವಳು ಅಲ್ಲಿದ್ದಾಳೆಂದು ತಿಳಿದು ಅದೇ ಬೀದಿಯ ಇನ್ನೂ ಮೂರು ಮನೆಯವರು ಹಿತ್ತಿಲ ಬಾಗಿಲಿಗೆ ಬಂದು ಮೆಲ್ಲನೆ ಕರೆದರು. ಒಂದು ಮನೆಯಲ್ಲಿ ವಿಧವೆ, ಒಂದರಲ್ಲಿ ದಂಡಿನಿಂದ ಹಿಂತಿರುಗಿದ ಮಗ, ಇನ್ನೊಂದರಲ್ಲಿ ಊರಿಗೆಲ್ಲ ಮುಹೂರ್ತ ಇಡುವ ಜೋಯಿಸ. ಮುದುಕಿ ಎಲ್ಲ ಕಡೆಗೂ ಹೋಗಿಬಂದಳು. ಅಲ್ಲಿ ಕಂಡದ್ದನ್ನು ಇಲ್ಲಿ ಹೇಳಲಿಲ್ಲ. ಬಂದು ಕರೆದವರನ್ನು ವರ್ತಕನೇ ಹಿತ್ತಿಲಿನಿಂದ ಕಂಡಿದ್ದ.

ಹತ್ತನೆಯ ದಿನ ಹೆಂಡತಿ ಎದ್ದು ಕುಳಿತಳು. ವರ್ತಕ ಅವಳ ಮುಂದೆ ಕುಳಿತು, “ಯಾಕೆ ಬಿಡಲಿಲ್ಲ?” ಎಂದು ಕೇಳಿದ. ಸಿಟ್ಟಿನಿಂದ ಕೇಳಬೇಕೆಂದಿದ್ದ, ದನಿ ಅಳುವಂತೆ ಬಂತು.

“ಮಗು ಹೋದಾಗ ಎಲ್ಲರೂ ಮದ್ದು ಕುಡಿ, ಮದ್ದು ಕುಡಿ ಅಂದ್ರಿ,” ಎಂದಳು ಆಕೆ. “ಮಗುವಿನ ಮಾತು ಯಾರೂ ಎತ್ತಲಿಲ್ಲ.”

ಅಮಾವಾಸ್ಯೆಯ ಬೆಳಿಗ್ಗೆ ಊರು ಸೇರಿತು. ಗಾಡಿಗಳು ಸಾಲಾಗಿ ನಿಂತಿದ್ದವು. ಹಿರಿಯರು ವರ್ತಕನನ್ನು ಕರೆದು, ಎಣಿಕೆ ಸರಿಯಷ್ಟೇ ಎಂದು ಕೇಳಿದರು. ಒಂದು ಮಾತು ಹೇಳಿದರೆ ಒಂದು ಬೀದಿ ಉಳಿಯುತ್ತಿತ್ತು. ಆದರೆ ಆ ಮಾತು ಹೇಳಿದರೆ ತನ್ನ ಮನೆ ಬಯಲಾಗುತ್ತಿತ್ತು. ಮುದುಕಿ ಗಾಡಿಯ ಮೇಲಿನಿಂದ ಅವನನ್ನೇ ನೋಡುತ್ತಿದ್ದಳು.

“ಸರಿ,” ಎಂದ ವರ್ತಕ.

ಮೊದಲ ಗಾಡಿ ಹೊರಟಿತು. ಆಗ ಹೆಂಗಸೊಬ್ಬಳು ಮೇಲಿನ ಬೀದಿಯಿಂದ ಗೋಡೆ ಹಿಡಿದುಕೊಂಡು ನಡೆದುಬಂದಳು. ವರ್ತಕನ ಹೆಂಡತಿ. ಅವಳನ್ನು ಊರ ಸಭೆಯಲ್ಲಿ ಯಾರೂ ಎಂದೂ ಕಂಡಿರಲಿಲ್ಲ. ನೆಟ್ಟಗೆ ಹೋಗಿ ಮುದುಕಿಯ ಗಾಡಿ ಹತ್ತಿ ಪಕ್ಕದಲ್ಲಿ ಕುಳಿತಳು. ಹಿರಿಯರು ಇದೇನಮ್ಮ ಎಂದರು.

“ಕುಡಿಯೋರು ಕೆರೆಯಾಚೆ ಹೋಗಬೇಕಂತಲ್ಲ,” ಎಂದಳು. “ಹದಿನಾಲ್ಕು ವರ್ಷ ದಿನಾ ಕುಡಿದಿದೀನಿ. ಇವರಲ್ಲಿ ನನ್ನಷ್ಟು ಕುಡಿದೋರು ಯಾರಿದ್ದಾರೆ?”

ಎಲ್ಲರೂ ವರ್ತಕನ ಕಡೆ ತಿರುಗಿದರು. ಅವಳಿಗೆ ಬುದ್ಧಿ ಸರಿಯಿಲ್ಲ ಎನ್ನಲು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಅವಳ ಕೈ ನಡುಗುತ್ತಿರುವುದು, ಆ ಕೈಯನ್ನು ಮುದುಕಿ ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದಿರುವುದು ಕಣ್ಣಿಗೆ ಬಿತ್ತು. ಗಂಡನಾದವನು ಆ ಕೈಯನ್ನು ಹಾಗೆ ಹಿಡಿದು ಎಷ್ಟು ಕಾಲವಾಯಿತು ಎಂದು ಅವನಿಗೇ ನೆನಪಾಗಲಿಲ್ಲ. ಅವನು ಹೆಗಲ ಶಲ್ಯ ತೆಗೆದು ಕೆಳಗಿಟ್ಟು, “ನಿಜ. ನನ್ನ ಎಣಿಕೆ ತಪ್ಪು,” ಎಂದ.

ಗಾಡಿಗಳು ತಿರುಗಿದವು. ಎಲ್ಲವೂ ಅಲ್ಲ. ಏಳೆಂಟು ಸಂಸಾರ ಹಿಂದಿನ ದಿನವೇ ಹೋಗಿಬಿಟ್ಟಿದ್ದವು, ಅವರು ಮತ್ತೆ ಆ ಊರಿಗೆ ಬರಲಿಲ್ಲ. ವರ್ತಕನ ಹೆಂಡತಿ ಆ ವರ್ಷದಲ್ಲಿ ಎರಡು ಸಲ ಪಕ್ಕದೂರಿನಿಂದ ತರಿಸಿ ಕುಡಿದಳು. ಎರಡು ಸಲವೂ ಮುದುಕಿ ಬಂದಳು. ಎರಡನೆಯ ಸಲ ಅವಳನ್ನು ಕರೆಯಲು ವರ್ತಕ ಹೊಸ್ತಿಲಲ್ಲಿ ನಿಲ್ಲದೆ ಓಡಿದ.

ಗುರುಗಳು ಕತೆ ನಿಲ್ಲಿಸಿದರು. ಶಾಂತಮಲ್ಲ ಆಗಲೇ ಎದ್ದು ನಿಂತಿದ್ದ. ಅವನ ಮುಖದಲ್ಲಿ ಗೆಲುವಿತ್ತು.

“ಅರ್ಥವಾಯಿತು ಬುದ್ಧೀ. ನಾನೂ ಮನಸ್ಸಿನಲ್ಲಿ ನಮ್ಮೂರ ಕೆಳಗಿನ ಬೀದಿಯವರನ್ನೇ ಸುಮ್ಮನೆ ದೂರುತ್ತಿದ್ದೆ. ನಿಜವಾದ ಕುಡುಕರು ಮೇಲಿನ ಬೀದಿಯಲ್ಲಿದ್ದಾರೆ. ನಾಳೆ ಅಲ್ಲಿಂದಲೇ ಶುರು ಮಾಡುತ್ತೇನೆ, ಒಬ್ಬೊಬ್ಬರನ್ನೂ ಹೊರಗೆಳೆಯುತ್ತೇನೆ.”

ಮೇಲಿನ ಬೀದಿಯ ಕಡೆಗೆ ಚಾಚಿದ್ದ ಅವನ ಬೆರಳನ್ನು ಗುರುಗಳು ನೋಡಿದರು.

“ಬೀದಿ ಬದಲಾಯಿತು, ನಿನ್ನ ಬೆರಳು ಬದಲಾಗಲಿಲ್ಲವಲ್ಲಪ್ಪಾ.”