ಹುರಿಮದ್ದಿನ ದಿಬ್ಬ

ಕರೆಕಲ್ಲಹಟ್ಟಿಯ ಪಡುವಣಕ್ಕೆ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ದಿಬ್ಬವಿದೆ. ನೆತ್ತಿಯ ಮೇಲೆ ಕಲ್ಲುಕಟ್ಟೆ, ಕಟ್ಟೆಯ ಮುಖದಲ್ಲಿ ಯಾವುದೋ ಹೆಸರನ್ನು ಉಳಿಯಿಂದ ಹೊಡೆದು ಅಳಿಸಿದ ಗುರುತು. ಕಟ್ಟಿಸಿದವನು ಈ ಊರನ್ನೇ ಇನಾಮಾಗಿ ಪಡೆದು ಕಂದಾಯ ಉಣ್ಣುತ್ತಿದ್ದ ಜೋಡಿದಾರ. ಹಂದಿಯ ಕೋರೆಗೆ ಹೆದರಿ ಎತ್ತರದಲ್ಲಿ ಕೂತು ಬೇಟೆಯಾಡುತ್ತಿದ್ದ ಶೂರ. ದಿಬ್ಬಕ್ಕೆ ತನ್ನ ಹೆಸರೇ ನಿಲ್ಲಬೇಕೆಂಬುದು ಅವನ ಆಸೆ.

ಹಿಂದೆ ಒಮ್ಮೆ, ಪರಂಗಿಗಳ ಕಾಲದಲ್ಲಿ, ಈತ ಮದರಾಸಿನಿಂದ ಹೊಸ ಬಂದೂಕು ತರಿಸಿದನಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತ ಆಯುಧಪೂಜೆಯ ದಿನ ತೋಟಾ ಒಂದನ್ನು ಬಿಚ್ಚಿ, ಒಳಗಿದ್ದ ಕಂದು ಶ್ಯಾವಿಗೆಯಂಥ ಎಳೆಗಳನ್ನು ಊರಿಗೆಲ್ಲ ತೋರಿಸಿದ. "ಇದು ಕಾರ್ಡೈಟು ಕಣ್ರೋ. ಇಂಗ್ಲಿಷ್ನಾಗೆ ಕಾರ್ಡ್ ಅಂದ್ರೆ ಹುರಿ. ಹುರಿ ಎಳ್ದಂಗೆ ಎಳ್ದು ಮಾಡ್ತಾರೆ, ಅದಕ್ಕೇ ಆ ಹೆಸ್ರು. ನಿಮ್ ಕರಿಮದ್ದಿನಂಗೆ ಹೊಗೆ ಕಾರಲ್ಲ" ಎಂದ. ಜನ ಅದನ್ನು ಹುರಿಮದ್ದು ಎಂದು ಕರೆದರು. ಅವನು ಊರಿಗೆ ಕಲಿಸಿದ ವಿದ್ಯೆ ಅದೊಂದೇ.

ಈ ಸೀಮೆಯ ಬೇಟೆಗೆ ಹಳೆಯ ಕಟ್ಟಳೆಯೊಂದಿತ್ತು: ಹೊಗೆ ಯಾರದೋ ಹೊಣೆ ಅವರದು. ಬಿದ್ದ ಹಂದಿಯ ತಲೆಯೂ ಅವನಿಗೆ, ತಪ್ಪಿದ ಗುಂಡಿನ ಪಾಪವೂ ಅವನಿಗೆ. ಆ ವರ್ಷದ ಬೇಟೆಯಲ್ಲಿ ಜೋಡಿದಾರ ಕಟ್ಟೆಯ ಮೇಲಿದ್ದ. ಬೇಡರ ಚಿನ್ನೋಬಯ್ಯ ಕರಿಮದ್ದಿನ ನಾಡಬಂದೂಕು ಹಿಡಿದು ಕೆಳಗಿನ ಕಣಿವೆಯಲ್ಲಿದ್ದ. ಹಂದಿ ಎದ್ದಿತು, ಎರಡು ಸದ್ದಾಯಿತು. ಎದುರಿನಿಂದ ತಮಟೆ ಬಡಿದುಕೊಂಡು ಬರುತ್ತಿದ್ದ ಬೋರಯ್ಯ ಎದೆಗೆ ಗುಂಡು ತಾಗಿ ಸತ್ತ. ಎದ್ದ ಹೊಗೆ ಮಾತ್ರ ಒಂದೇ, ಚಿನ್ನೋಬಯ್ಯನದು. "ಹೊಗೆ ಯಾರ್ದು ನೋಡ್ಕಳ್ರಿ" ಎಂದು ಜೋಡಿದಾರ ಮೀಸೆ ಒರೆಸಿಕೊಂಡ. ಎರಡನೆಯ ಸದ್ದು ಬಂಡೆಯ ಮಾರ್ದನಿ ಎಂದುಕೊಂಡ ನಮ್ಮ ಹಿರಿಯರು, ಆಯುಧಪೂಜೆಯ ದಿನ ಹೊಗೆಯಿಲ್ಲದ ಮದ್ದನ್ನು ತಾವೇ ಬಾಯಿ ಬಿಟ್ಟು ನೋಡಿದ್ದನ್ನು ಮರೆತು, ಚಿನ್ನೋಬಯ್ಯನ ಕೈ ಕಟ್ಟಿದರು. ಅವರ ಮೇಲೂ ನನಗೆ ಗೌರವವಿಲ್ಲ. ಪೊಲೀಸರಿಗೆ ಒಪ್ಪಿಸಿದ್ದರೆ ಅವನಿಗೆ ಜೈಲೇ ಗತಿಯಾಗುತ್ತಿತ್ತು.

ಆಗ ಸತ್ತವನ ಹೆಂಡತಿ ಪಾಲಮ್ಮ ಗಂಡನ ತಮಟೆಯನ್ನು ಎತ್ತಿ ಹಿಡಿದಳು ಎನ್ನುತ್ತಾರೆ. ಗುಂಡು ಅದರ ಚರ್ಮವನ್ನು ತೂರಿ ಹೋಗಿತ್ತು. "ಚಿನ್ನೋಬಣ್ಣನ ಗುಂಡು ನೆಲ್ಲಿಕಾಯಿ ಗಾತ್ರ ಐತೆ. ಈ ತೂತ್ನಾಗೆ ನನ್ ಕಿರುಬೆಳ್ಳೂ ಹೋಗವಲ್ದು. ಧಣಿ, ನಿಮ್ ಗುಂಡು ತೋರ್ಸ್ರಿ."

ಜೋಡಿದಾರ ತೋರಿಸಲಿಲ್ಲ. ಕಟ್ಟೆಯ ಮೇಲೆ ನಿಂತು 'ಹೊಗೆ ನನ್ನದು' ಎಂದು ಒಂದು ಮಾತು ಹೇಳಿ ಎಂದು ಊರು ಕೇಳಿತು. ಅದಕ್ಕೂ ಎದೆಯಿಲ್ಲದೆ ಗಾಡಿ ಕಟ್ಟಿಸಿಕೊಂಡು ಹೋದವನು ಮತ್ತೆ ಬರಲಿಲ್ಲ. ಶಿಕ್ಷೆಯೇನೂ ಆಗಲಿಲ್ಲ, ಅಂಥವರಿಗೆ ಆಗುವುದೂ ಇಲ್ಲ. ಕಟ್ಟು ಬಿಚ್ಚಿಸಿಕೊಂಡ ಚಿನ್ನೋಬಯ್ಯ ಮರುದಿನ ಉಳಿ ಹಿಡಿದು ಕಟ್ಟೆಯ ಮೇಲಿನ ಹೆಸರನ್ನು ಹೊಡೆದು ಹಾಕಿದ. ಇನ್ನು ದಿಬ್ಬವನ್ನು ಏನೆಂದು ಕರೆಯುವುದು ಎಂದು ಹಿರಿಯರು ಕೇಳಿದಾಗ ಪಾಲಮ್ಮನೇ ಹೇಳಿದಳಂತೆ: "ಆ ಮದ್ದಿನ ಹೆಸ್ರೇ ಇರ್ಲಿ. ಹೊಗೆ ಕಾರಲ್ಲ ಅಂದಿದ್ರು, ಕಾರ್ಲಿಲ್ಲ. ಅದು ಸುಳ್ಳು ಹೇಳ್ಲಿಲ್ಲ."

ಈಗಲೂ ದಿಬ್ಬ ಹತ್ತಿದವರು ಆ ಉಳಿಯ ಗುರುತುಗಳನ್ನು ಬೆರಳಿನಿಂದ ಸವರಿ, ಇಲ್ಲಿ ಯಾರ ಹೆಸರಿತ್ತು ಎಂದು ಕೇಳುತ್ತಾರೆ. ನನಗೆ ಅದು ಗೊತ್ತು, ನಮ್ಮಜ್ಜ ಹೇಳಿದ್ದ. ಇಲ್ಲಿ ಬರೆಯುವುದಿಲ್ಲ.