ಮೋಡದೊಳಗೆ ಎತ್ತಿದ ಕೈಗಳು

"ಗುರುಗಳೇ, ಹೊಸದಾಗಿ ಬಂದ ಸಂಗಯ್ಯ ನಾವು ಮಾಡುವ ಪ್ರತಿಯೊಂದಕ್ಕೂ ತಪ್ಪು ಹೇಳುತ್ತಾನೆ. ಅವನು ಬಂದಂದಿನಿಂದ ಆಶ್ರಮವೇ ಏರುಪೇರಾಗಿದೆ ಎಂದು ನಮಗೆಲ್ಲರಿಗೂ ಅನ್ನಿಸಿದೆ. ಎಲ್ಲರಿಗೂ ಅನ್ನಿಸಿದ ಮೇಲೆ ಅದು ನಿಜವಲ್ಲವೇ? ಅವನನ್ನು ಕಳಿಸಿಬಿಡಬಹುದಲ್ಲವೇ?" ಎಂದು ಹಿರಿಯ ಶಿಷ್ಯ ಕೇಳಿದ.

"ಕಳಿಸೋಣವಂತೆ. ಅದಕ್ಕೇನು ಅವಸರ? ಮೊದಲು ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಯಂತ್ರ ಮಾಡುವವನಿದ್ದ. ಹಾರುವ ವಿಮಾನ ಪಕ್ಕಕ್ಕೆ ವಾಲಿದರೆ ಅದನ್ನು ತಾನಾಗಿಯೇ ನೆಟ್ಟಗೆ ಮಾಡುವ ಯಂತ್ರವೊಂದನ್ನು ಹನ್ನೊಂದು ವರ್ಷ ಕೂತು ಮಾಡಿದ. ಗುಂಡಿ ಒತ್ತಿದರೆ ಸಾಕು, ಚಾಲಕ ಕೈಕಟ್ಟಿ ಕೂರಬಹುದು. ತಿಳಿಯಾದ ಆಕಾಶದಲ್ಲಿ ನೂರು ಸಲ ಪರೀಕ್ಷೆ ಮಾಡಿದರು. ಒಂದು ಸಲವೂ ಅದು ತಪ್ಪಲಿಲ್ಲ. ಚಾಲಕನಿಗೆ ಮಾತ್ರ ಅದರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಇಪ್ಪತ್ತು ವರ್ಷ ವಿಮಾನ ನಡೆಸಿದವನಿಗೆ ಒಂದು ಡಬ್ಬಿ ಬುದ್ಧಿ ಹೇಳಲು ಬಂದರೆ ಹೇಗೆ ಹಿಡಿಸೀತು?

ಒಂದು ದಿನ ಆರು ಜನ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟರು. ಯಂತ್ರ ಮಾಡಿದವನು ಚಾಲಕನ ಪಕ್ಕದಲ್ಲಿ ಕೂತ. ದಾರಿಯಲ್ಲಿ ದಟ್ಟ ಮೋಡ ಕವಿಯಿತು. ಮೇಲೆ ಕೆಳಗೆ ಏನೂ ಕಾಣಲಿಲ್ಲ. ಚಾಲಕ ಸ್ವಲ್ಪ ಹೊತ್ತು ತನ್ನ ಕೈಯಿಂದಲೇ ನಡೆಸಿದ. ವಿಮಾನ ಎಡಕ್ಕೆ ವಾಲುತ್ತ ಹೋಯಿತು. ಎಷ್ಟು ನಿಧಾನವಾಗಿ ಎಂದರೆ ಒಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಅವನು ಗುಂಡಿ ಒತ್ತಿದ. ಯಂತ್ರ ವಿಮಾನವನ್ನು ನೆಟ್ಟಗೆ ಮಾಡಿತು. ಎಡಕ್ಕೆ ವಾಲಿದ್ದಕ್ಕೇ ಮೈ ಒಗ್ಗಿಹೋಗಿದ್ದರಿಂದ ಒಳಗಿದ್ದವರಿಗೆ ಬಲಕ್ಕೆ ಉರುಳಿದಂತಾಯಿತು. ಆರೂ ಜನ ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡು ದೇವರನ್ನು ಕರೆಯತೊಡಗಿದರು.

"ಏನಯ್ಯಾ ಇದು? ನೆಟ್ಟಗೆ ಹೋಗುತ್ತಿದ್ದದ್ದನ್ನು ಸೊಟ್ಟ ಮಾಡಿತಲ್ಲ ನಿನ್ನ ಯಂತ್ರ!" ಎಂದ ಚಾಲಕ.

ಯಂತ್ರ ಮಾಡಿದವನು ಅದರ ಮುಳ್ಳು ನೋಡಿದ. ವಿಮಾನ ನೆಟ್ಟಗಿದೆ ಎಂದು ಮುಳ್ಳು ತೋರಿಸುತ್ತಿತ್ತು. ಅವನ ಮೈ ಮಾತ್ರ ಸೊಟ್ಟ ಎನ್ನುತ್ತಿತ್ತು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ತಲೆ ಕೆಟ್ಟುಹೋಯಿತು.

"ಮುಳ್ಳು ಸರಿಯಾಗಿದೆ, ಸ್ವಾಮಿ. ಆದರೆ ನನಗೂ ಸೊಟ್ಟ ಅಂತಲೇ... ಏನೂ ತಿಳಿಯುತ್ತಿಲ್ಲ," ಎಂದ.

ಚಾಲಕ ಹಿಂದಕ್ಕೆ ತಿರುಗಿ, ಸೊಟ್ಟ ಅನ್ನಿಸುವವರೆಲ್ಲ ಕೈ ಎತ್ತಿ ಎಂದ. ಆರು ಕೈ ಮೇಲೆದ್ದವು. ಕೊನೆಗೆ ಯಂತ್ರ ಮಾಡಿದವನೂ ಎತ್ತಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ. ನಾನಿದ್ದರೂ ಎತ್ತುತ್ತಿದ್ದೆ.

ಚಾಲಕ ಯಂತ್ರ ನಿಲ್ಲಿಸಿದ. ಎಲ್ಲರಿಗೂ ನೆಟ್ಟಗೆ ಅನ್ನಿಸುವವರೆಗೆ ವಿಮಾನವನ್ನು ಎಡಕ್ಕೆ ವಾಲಿಸಿದ. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಒಬ್ಬರು ಚಕ್ಕುಲಿ ಪೊಟ್ಟಣ ಬಿಚ್ಚಿ ಹಂಚಿದರು. ಹಾಗೇ ವಾಲಿಕೊಂಡು ಕೆಳಗಿಳಿಯುತ್ತ ವಿಮಾನ ಮೋಡದಿಂದ ಹೊರಬಿತ್ತು. ನೋಡಿದರೆ ಎಡಗಡೆ ಕಿಟಕಿಯ ತುಂಬ ನೆಲ, ಬಲಗಡೆ ಬರೀ ಆಕಾಶ. ಚಾಲಕ ಕಿರುಚಿಕೊಂಡು, ಎರಡೂ ಕೈಯಿಂದ ಎಳೆದು, ಹೇಗೋ ಒಂದು ಬೀಳುನೆಲಕ್ಕೆ ಇಳಿಸಿದ. ಚಕ್ರ ಮುರಿಯಿತು. ಯಂತ್ರ ಮಾಡಿದವನ ಕಾಲೂ ಮುರಿಯಿತು. ಜೀವ ಉಳಿದದ್ದೇ ಹೆಚ್ಚು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ಕೆರೆದುಕೊಂಡ.

"ನನಗೆ ಇನ್ನಷ್ಟು ಗೊಂದಲವಾಯಿತು, ಗುರುಗಳೇ. ಒಬ್ಬನ ಮೈ ಸುಳ್ಳು ಹೇಳಬಹುದು. ಎಂಟು ಜನರ ಮೈಯೂ ಸೇರಿ ಒಂದೇ ಸುಳ್ಳು ಹೇಳುವುದು ಹೇಗೆ?"

"ಎಂಟು ಜನರೂ ಒಂದೇ ವಿಮಾನದಲ್ಲಿ ಕೂತಿದ್ದರಲ್ಲಪ್ಪಾ," ಎಂದರು ಗುರುಗಳು.